ಮದ್ಯ, ಔಷಧ ಪರೀಕ್ಷೆಗೆ ರಕ್ತ ತೆಗೆಯುವುದು: ನಾನು ಪಾಲಿಸುವ ಕ್ರಮ

ಮದ್ಯದ ಪರೀಕ್ಷೆಗೆ ರಕ್ತ ಬೇಕೆಂದು ಪೊಲೀಸರು ಬಂದರೆ ನನ್ನ ಬಾಯಿಂದ ಮೊದಲು ಬರುವ ಮಾತು, ‘ಸಿಸ್ಟರ್, ಸ್ಪಿರಿಟ್ ಹಚ್ಚಬ್ಯಾಡ್ರಿ.’ ಹತ್ತಿಯಲ್ಲಿರುವುದೂ ಆಲ್ಕೋಹಾಲೇ. ಸೋಪುನೀರಿನಿಂದಲೋ, ಆಲ್ಕೋಹಾಲ್ ಬೆರೆಯದ ಪೊವಿಡೋನ್ ಅಯೋಡಿನ್‌ನಿಂದಲೋ ಒರೆಸಿ, ಒಣಗಿದ ಮೇಲೆ ಚುಚ್ಚುತ್ತೇನೆ. ಸಲೈನ್ ಏರಿಸಿದ ಕೈಯನ್ನು ಮುಟ್ಟುವುದಿಲ್ಲ. ಅಲ್ಲಿಯ ರಕ್ತ ತೆಳುವಾಗಿರುತ್ತದೆ.

ಟ್ಯೂಬಿನ ವಿಷಯದಲ್ಲಿ ತಪ್ಪು ಹೆಚ್ಚು. ಬೂದು ಮುಚ್ಚಳವಿದ್ದರೆ ಸಾಕೆಂದು ಶುಗರ್ ಟ್ಯೂಬನ್ನೇ ಕೊಡುತ್ತಾರೆ. 2 ಮಿಲಿಯ ಆ ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್ ಸಾಮಾನ್ಯವಾಗಿ ಪ್ರತಿ ಮಿಲಿಗೆ 2.5 ಮಿಗ್ರಾಂ ಮಾತ್ರ. ಮದ್ಯಕ್ಕೆ 10 ಮಿಗ್ರಾಂ ಬೇಕು, ಅಂದರೆ 5 ಮಿಲಿ ರಕ್ತಕ್ಕೆ 50. ಹೆಪ್ಪುಗಟ್ಟದಿರಲು ಜೊತೆಗೆ ಪೊಟ್ಯಾಸಿಯಂ ಆಕ್ಸಲೇಟ್. ಫ್ಲೋರೈಡ್ ಸಾಲದಿದ್ದರೆ ರಕ್ತಕ್ಕೆ ಸೇರಿದ ಯೀಸ್ಟ್ ಸಕ್ಕರೆಯನ್ನು ಹುಳಿಸಿ ಟ್ಯೂಬಿನೊಳಗೇ ಮದ್ಯ ತಯಾರಿಸಬಹುದು. ಕುಡಿಯದವನೂ ಸಿಕ್ಕಿಬೀಳುತ್ತಾನೆ. ಟ್ಯೂಬ್ ಅರ್ಧ ಖಾಲಿಯಿದ್ದರೆ ಉಲ್ಟಾ ತೊಂದರೆ: ಮದ್ಯ ಆವಿಯಾಗಿ ಮೇಲಿನ ಖಾಲಿ ಜಾಗಕ್ಕೆ ಏರುತ್ತದೆ, ಮುಚ್ಚಳ ತೆಗೆದಾಗ ಹೋಗಿಬಿಡುತ್ತದೆ. ಆದ್ದರಿಂದ ತುಂಬ ತುಂಬಿಸಿ, ಎಂಟು-ಹತ್ತು ಸಲ ಮೆಲ್ಲಗೆ ತಿರುವಿ, ಸೀಲು ಹಾಕಿ, ವೇಳೆಯನ್ನು ನಿಮಿಷ ಸಹಿತ ಬರೆದು 4 ಡಿಗ್ರಿಯಲ್ಲಿ ಇಡುತ್ತೇನೆ. ಹಾವೇರಿ, ಗದಗ ಕಡೆಯಿಂದ ಏಪ್ರಿಲ್ ಬಿಸಿಲಲ್ಲಿ ಜೀಪಿನಲ್ಲಿ ತರುವುದಾದರೆ ಐಸ್ ಪ್ಯಾಕ್ ಇಲ್ಲದೆ ಕಳಿಸಲೇಬಾರದು.

ವೇಳೆ ಯಾಕೆಂದರೆ, ದೇಹ ಗಂಟೆಗೆ 100 ಮಿಲಿ ರಕ್ತದಲ್ಲಿ ಸುಮಾರು 10ರಿಂದ 20 ಮಿಗ್ರಾಂ ಮದ್ಯ ಕರಗಿಸುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಇಟ್ಟಿರುವ ಮಿತಿ 30 ಮಿಗ್ರಾಂ. ಎರಡು ತಾಸು ತಡವಾದರೆ ಮಿತಿ ದಾಟಿದ್ದವನೂ ಒಳಗೆ ಬಂದುಬಿಡಬಹುದು.

ಆಸ್ಪತ್ರೆಯ ಯಂತ್ರ ಮದ್ಯವನ್ನು ಸೀರಮ್‌ನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದಲ್ಲಿ, ಅಳೆಯುತ್ತದೆ. ಕಿಣ್ವವೊಂದು ಮದ್ಯವನ್ನು ಒಡೆಯುವಾಗ ಹುಟ್ಟುವ ಎನ್‌ಎಡಿಎಚ್ ಎಂಬ ವಸ್ತು 340 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದೇ ಲೆಕ್ಕ. ಸೀರಮ್‌ನಲ್ಲಿ ನೀರಿನಂಶ ಹೆಚ್ಚು, ಹಾಗಾಗಿ ಅಂಕಿಯೂ ಇಡೀ ರಕ್ತಕ್ಕಿಂತ ಸುಮಾರು 10ರಿಂದ 20 ಪ್ರತಿಶತ ಹೆಚ್ಚು. ತೀವ್ರ ಗಾಯದಲ್ಲಿ ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ಆಮ್ಲದ ಅಂಶ ಏರಿದಾಗಲೂ ಸುಳ್ಳು ಮದ್ಯ ಕಾಣಬಹುದು. ಚಿಕಿತ್ಸೆಗೆ ಇದು ಸಾಕು, ಕೋರ್ಟಿಗೆ ಸಾಲದು. ಅಲ್ಲಿಗೆ ಗ್ಯಾಸ್ ಕ್ರೊಮೆಟೋಗ್ರಫಿಯೇ ಬೇಕು: ರಕ್ತಕ್ಕೆ ಹೋಲಿಕೆಗಾಗಿ ಎನ್-ಪ್ರೊಪನಾಲ್ ಎಂಬ ಬೇರೆ ಆಲ್ಕೋಹಾಲ್ ಬೆರೆಸಿ, ಮುಚ್ಚಿದ ಸೀಸೆಯನ್ನು ಸುಮಾರು 60 ಡಿಗ್ರಿಗೆ ಕಾಯಿಸಿ, ಮೇಲೆ ನಿಂತ ಆವಿಯನ್ನಷ್ಟೇ ಯಂತ್ರಕ್ಕೆ ಬಿಡುತ್ತಾರೆ. ಎಥನಾಲ್, ಮೆಥನಾಲ್, ಸ್ಪಿರಿಟ್ಟಿನ ಐಸೊಪ್ರೊಪೈಲ್ ಪ್ರತಿಯೊಂದೂ ತನ್ನ ವೇಳೆಗೇ ಹೊರಬರುವುದರಿಂದ ಗೊಂದಲವಿಲ್ಲ.

ಔಷಧಕ್ಕೆ ಬೇರೆ ಎಚ್ಚರ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ಮನೋರೋಗಕ್ಕೆ ಲಿಥಿಯಂ ಬರೆಸಿಕೊಂಡವರ ರಕ್ತವನ್ನು ಕೊನೆಯ ಗುಳಿಗೆಯಾಗಿ 12 ತಾಸಿಗೆ ತೆಗೆಯಬೇಕು. ಹಸಿರು ಮುಚ್ಚಳದ ಟ್ಯೂಬ್ ಬೇಡವೇ ಬೇಡ. ಅದರಲ್ಲಿ ಹೆಪ್ಪು ತಡೆಯುವ ಲಿಥಿಯಂ ಹೆಪಾರಿನ್ ಇದ್ದರೆ ಗುಳಿಗೆ ಮುಟ್ಟದವರಲ್ಲೂ ಲಿಥಿಯಂ ಕಾಣುತ್ತದೆ. ಮೂರ್ಛೆರೋಗದ ಫೆನಿಟೋಯಿನ್‌ಗೆ (ಗುರಿ ಪ್ರತಿ ಮಿಲಿಗೆ 10–20 ಮೈಕ್ರೊಗ್ರಾಂ) ಸೀರಮ್ ಬೇರ್ಪಡಿಸುವ ಜೆಲ್ ಇಲ್ಲದ ಕೆಂಪು ಟ್ಯೂಬ್, ಮುಂಜಾನೆಯ ಗುಳಿಗೆಗೆ ಮೊದಲು. ಕೆಲವು ಜೆಲ್‌ಗಳು ಔಷಧವನ್ನು ಹೀರುತ್ತವೆ. ಕಡಿಮೆ ಇದೆಯೆಂದು ಡೋಸ್ ಏರಿಸಿದರೆ ರೋಗಿ ತೂರಾಡಲು ಶುರುಮಾಡುತ್ತಾನೆ.

ನಮ್ಮ ಹೊಲದ ಸೀಮೆಯಲ್ಲಿ ಕುಡಿದ ಮೇಲೆ ಕ್ರಿಮಿನಾಶಕ ಸೇವಿಸಿದವರು ಬರುತ್ತಾರೆ. ಇಂಥವರಿಗೆ ಎರಡು ಟ್ಯೂಬ್. ಹಲವು ಕ್ರಿಮಿನಾಶಕಗಳು ರಕ್ತದ ಕೋಲಿನೆಸ್ಟರೇಸ್ ಕಿಣ್ವವನ್ನು ಇಳಿಸುತ್ತವೆ, ಅದನ್ನು ಅಳೆದೇ ವಿಷ ಗುರುತಿಸುವುದು. ಫ್ಲೋರೈಡ್ ಕೂಡ ಈ ಕಿಣ್ವವನ್ನೇ ತಡೆಯುವುದರಿಂದ ಬೂದು ಟ್ಯೂಬಿನಲ್ಲಿ ವಿಷ ಇಲ್ಲದವರಿಗೂ ಅದು ಕಡಿಮೆ ಬರಬಹುದು. ಅದಕ್ಕೆ ಹೆಪಾರಿನ್ ಟ್ಯೂಬನ್ನು ಮೊದಲು ತುಂಬಿಸಿ, ಆಮೇಲೆ ಮದ್ಯಕ್ಕೆ ಬೂದು ಟ್ಯೂಬ್.