ಕೀಮೋ ದಿನ ಯಾವ ಹಾಡು ಹಾಕಬೇಕು?

ಮೊದಲೇ ಹೇಳಿಬಿಡುತ್ತೇನೆ, ಹಾಡು ಕ್ಯಾನ್ಸರ್ ವಾಸಿ ಮಾಡುವುದಿಲ್ಲ. ಆದರೆ ಭಯ, ನೋವು, ಸುಸ್ತು ಸ್ವಲ್ಪ ತಗ್ಗಬಹುದು. 2021ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು 81 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದೂ ಹೆಚ್ಚುಕಡಿಮೆ ಅದೇ.

ಹಾಡು ಆರಿಸಬೇಕಾದವರು ರೋಗಿ, ನೀವಲ್ಲ. ನಾನು ಫೋನ್ ತುಂಬ ವೀಣೆ, ಕೊಳಲು ಹಾಕಿಕೊಂಡು ಹೋಗಿದ್ದೆ. 'ಇದೇನೋ ಮದುವೆ ರಿಸೆಪ್ಶನ್ ಥರ ಇದೆ, ತೆಗಿಯೋ' ಅಂದಳು ಅಮ್ಮ. ಅವಳಿಗೆ ಬೇಕಾಗಿದ್ದು ಹಳೇ ಸಿನಿಮಾ ಹಾಡು. ಡ್ರಿಪ್ ಹಾಕಿದ ಕೈ ಅಲ್ಲಾಡಿಸುವಂತಿರಲಿಲ್ಲ, ಇನ್ನೊಂದು ಕೈಯ ಹೆಬ್ಬೆರಳು ಮಾತ್ರ ಬೆಡ್‌ಶೀಟ್ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು.

ಒಂದು ಎಚ್ಚರಿಕೆ. ಪ್ರಾಣಕ್ಕಿಂತ ಜಾಸ್ತಿ ಇಷ್ಟದ ಹಾಡನ್ನು ಆ ದಿನ ಹಾಕಬೇಡಿ. ವಾಕರಿಕೆಗೂ ಹಾಡಿಗೂ ನಂಟು ಬೆಳೆದುಬಿಟ್ಟರೆ ಆಮೇಲೆ ರೇಡಿಯೋದಲ್ಲಿ ಬಂದರೂ ಹೊಟ್ಟೆ ತೊಳಸುತ್ತದೆ. ಅಮ್ಮ ಹೀಗೇ ಒಂದು ಹಾಡು ಕಳೆದುಕೊಂಡಳು.

ಸೌಂಡ್ ಕಡಿಮೆ ಇರಲಿ. ಸಿಸ್ಪ್ಲಾಟಿನ್ ಥರದ ಕೀಮೋ ಔಷಧಿ ಕಿವಿಗೆ ತೊಂದರೆ ಮಾಡಬಹುದು, ಗುಂಯ್ ಅನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ. ಇಯರ್‌ಫೋನ್ ಒಂದೇ ಕಿವಿಗೆ, ನರ್ಸ್ ಕರೆದರೆ ಕೇಳಬೇಕಲ್ವಾ? ಮಧ್ಯೆ ಜಾಹೀರಾತು ಕಿರುಚದ ಹಾಗೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. 'ಸಾಕು' ಅಂದರೆ ಆಫ್ ಮಾಡಿ, ಸುಮ್ನೆ ಪಕ್ಕದಲ್ಲಿ ಕೂತಿರಿ.