ಸಂಜೆ ಬಾನಿನ ಧೂಮಕೇತುವನ್ನು ಹುಡುಕುವುದು ಹೇಗೆ?

2024ರ ಅಕ್ಟೋಬರ್ ನಡುಭಾಗದಲ್ಲಿ ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ಪಡುವಣ ಬಾನಿಗೆ ಬಂದಿತ್ತು. ಮಳೆ ಬಿಡುವು ಕೊಟ್ಟ ಒಂದು ಸಂಜೆ ನಮ್ಮ ತಾರಸಿ ಹತ್ತಿದವರಲ್ಲಿ ಹೆಚ್ಚಿನವರು ‘ಏನೂ ಇಲ್ಲ’ ಎಂದು ಇಳಿದುಹೋದರು. ಸರ್ರನೆ ಹಾಯುವ ಬೆಂಕಿಗೆರೆಗಾಗಿ ಅವರು ಕಾದಿದ್ದರು. ಅದು ಉಲ್ಕೆ. ಧೂಮಕೇತು ನಿಂತಲ್ಲೇ ನಿಂತಂತಿದ್ದು, ನಕ್ಷತ್ರಗಳ ಜೊತೆಗೇ ಮೆಲ್ಲಗೆ ಮುಳುಗುತ್ತದೆ.

1. ಪಶ್ಚಿಮ ದಿಗಂತ ತೆರೆದಿರಲಿ. ಕೆರೆಯ ಮೂಡಣ ದಡವಾದರೆ ಬಹಳ ಒಳ್ಳೆಯದು.

2. ಸೂರ್ಯ ಮುಳುಗಿ ಮುಕ್ಕಾಲು ಗಂಟೆಗೆ ಹುಡುಕಾಟ ಶುರುಮಾಡಿ. ಸೂರ್ಯ ಪೂರ್ತಿ ಮರೆಯಾಗುವ ಮೊದಲು ಬೈನಾಕ್ಯುಲರ್ ಎತ್ತಲೇಬೇಡಿ, ಕಣ್ಣು ಹೋಗುತ್ತದೆ.

3. ಎಲ್ಲರೂ ಎಡವುವುದು ಇಲ್ಲಿ. ಬೈನಾಕ್ಯುಲರನ್ನು ಮೊದಲು ಒಂದು ನಕ್ಷತ್ರಕ್ಕೆ ಹಿಡಿದು, ಅದು ಸೂಜಿಮೊನೆಯಷ್ಟು ಚೂಪಾಗುವವರೆಗೆ ಫೋಕಸ್ ತಿರುಗಿಸಿ. ಫೋಕಸ್ ತಪ್ಪಿದರೆ, ಮೊದಲೇ ಮಂಜಿನಂತಿರುವ ಧೂಮಕೇತು ಕರಗಿಯೇ ಹೋಗುತ್ತದೆ. ಆಮೇಲೆ ಗುರುತಿನ ತಾರೆಗಳನ್ನು ಹಿಡಿಯಿರಿ. ಆ ಅಕ್ಟೋಬರ್ 14–15ರಂದು ಎಡಕ್ಕೆ ಶುಕ್ರ, ಬಲಕ್ಕೆ ಕಿತ್ತಳೆ ಛಾಯೆಯ ಸ್ವಾತಿ, ನಡುವೆ ಧೂಮಕೇತು. ಪ್ರತಿ ಧೂಮಕೇತುವಿನ ದಾರಿಯೂ ಬೇರೆ, ಹಾಗಾಗಿ ಆ ದಿನದ ನಕ್ಷೆಯನ್ನು ಬಾನನ್ನು ತೋರಿಸುವ ಸ್ಟೆಲೇರಿಯಂ ಆ್ಯಪ್‌ನಲ್ಲಿ ಮನೆಯಲ್ಲೇ ನೋಡಿಕೊಂಡು ಹೊರಡಿ. ತಾರಸಿಯ ಕಬ್ಬಿಣದ ಹತ್ತಿರ ಫೋನಿನ ದಿಕ್ಸೂಚಿ ತಪ್ಪು ತೋರಿಸುತ್ತದೆ, ನಕ್ಷತ್ರಗಳನ್ನೇ ನಂಬಿ. ಅಳತೆಗೆ ನೀಳವಾಗಿ ಚಾಚಿದ ಕೈಯ ಮುಷ್ಟಿ ಸಾಕು, ಅದರ ಅಗಲ ಸುಮಾರು 10 ಡಿಗ್ರಿ.

ಮೊಣಕೈಗಳನ್ನು ಪ್ಯಾರಪೆಟ್ ಮೇಲೆ ಊರಿ ಎಡದಿಂದ ಬಲಕ್ಕೆ ನಿಧಾನವಾಗಿ ಸಾಗಿ, ತುಸು ಮೇಲಕ್ಕೆ ಸರಿದು ಮತ್ತೆ ಹಿಂದಕ್ಕೆ ಬನ್ನಿ. ಮಸುಕು ಚುಕ್ಕೆ, ಅದರಿಂದ ಮೇಲಕ್ಕೆ ಹರಡಿದ ಪೊರಕೆಯಂಥ ಬೆಳಕು ಕಂಡರೆ ಅದೇ. ಸೂರ್ಯನ ಬೆಳಕಿನ ಒತ್ತಡ ದೂಳನ್ನೂ ಸೌರಮಾರುತ (ಸೂರ್ಯನಿಂದ ಹೊಮ್ಮುವ ಕಣಗಳ ಹರಿವು) ಅನಿಲವನ್ನೂ ಹಿಂದಕ್ಕೆ ತಳ್ಳುವುದರಿಂದ ಸಂಜೆ ಬಾಲ ಸೂರ್ಯ ಮುಳುಗಿದ ಕಡೆಯಿಂದ ಮೇಲಕ್ಕೆ ಚಾಚಿರುತ್ತದೆ. ಹೊಳೆಯುವ ಕೆಂಪುಗೆರೆ ನೋಡನೋಡುತ್ತಲೇ ಉದ್ದವಾದರೆ ಅದು ವಿಮಾನದ ಹೊಗೆ.

4. ಈಗ ಬರಿಗಣ್ಣಿಗೆ ಬನ್ನಿ. ನೆಟ್ಟ ನೋಟ ಬೇಡ, ಸ್ವಲ್ಪ ಪಕ್ಕಕ್ಕೆ ನೋಡಿ. ಮಬ್ಬು ಬೆಳಕನ್ನು ಹಿಡಿಯುವ ಕೋಶಗಳು ಅಕ್ಷಿಪಟದ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಓರೆನೋಟಕ್ಕೆ ಬಾಲ ಇನ್ನಷ್ಟು ಉದ್ದ ಕಾಣುತ್ತದೆ. ಇಷ್ಟರಲ್ಲಿ ಯಾರಾದರೂ ಫೋನ್ ಬೆಳಗಿಸಿದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಮೊದಲಿನಿಂದ ಹೊಂದಿಕೊಳ್ಳಬೇಕು.

ಟೆಲಿಸ್ಕೋಪ್ ಬೇಕೇ? ಬೇಡ. ಡಬ್ಬಿಯ ಮೇಲೆ ‘675 ಪಟ್ಟು’ ಎಂದು ಬರೆದ ಅಗ್ಗದವನ್ನಂತೂ ಮಕ್ಕಳಿಗೆ ಕೊಡಿಸಲೇಬೇಡಿ. ಅದರಲ್ಲಿ ಬಾಲದ ಚೂರಷ್ಟೇ, ಅದೂ ನಡುಗುತ್ತಾ ಕಾಣುತ್ತದೆ. ಅದೇ ಹಣಕ್ಕೆ ಇನ್ನಷ್ಟು ಸೇರಿಸಿ 10×50 (10 ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಕೊಳ್ಳಿ.

5. ಫೋಟೊಗೆ ಟ್ರೈಪಾಡ್, ನೈಟ್ ಮೋಡ್ ಸಾಕು.

6. ಹೊರಡುವ ಮುನ್ನ ಸುತ್ತಲಿನ ನಕ್ಷತ್ರಗಳ ನಡುವೆ ಅದಿದ್ದ ಜಾಗವನ್ನು ಪೆನ್ಸಿಲಿನಲ್ಲಿ ಗುರುತುಮಾಡಿ. ನಾಳೆ ಸಂಜೆ ಅದೇ ಹಾಳೆ ಹಿಡಿದು ನೋಡಿ, ಅದು ಎಷ್ಟು ಸರಿದಿದೆ ಎಂಬುದು ತಿಳಿಯುತ್ತದೆ.