ರೀಸ್ಟಾರ್ಟ್ ಮಾಡಿದರೆ ವೈ-ಫೈ ಬರುತ್ತೆ, ಶಟ್‌ಡೌನ್ ಮಾಡಿದರೆ ಬರಲ್ಲ: ನಾನು ಸರಿಮಾಡಿದ ಬಗೆ

ಸುಮಾರು ಎರಡು ತಿಂಗಳು ನನ್ನ ಲ್ಯಾಪ್‌ಟಾಪ್ ಬೆಳಿಗ್ಗೆ ಆನ್ ಮಾಡಿದಾಗ ವೈ-ಫೈಗೆ ತಾನಾಗಿ ಕನೆಕ್ಟ್ ಆಗುತ್ತಿರಲಿಲ್ಲ. ಕೆಳಗೆ ಮೂಲೆಯಲ್ಲಿ ಗ್ಲೋಬ್ ಚಿತ್ರ ಬಂದು ಕೂತಿರುತ್ತಿತ್ತು. ಅದನ್ನು ಒತ್ತಿ, ಮನೆಯ ನೆಟ್‌ವರ್ಕ್ ಹೆಸರು ಹುಡುಕಿ, ಕನೆಕ್ಟ್ ಒತ್ತಿದರೆ ಎರಡೇ ಸೆಕೆಂಡಿನಲ್ಲಿ ಇಂಟರ್‌ನೆಟ್ ಸಿಗುತ್ತಿತ್ತು. ಪಾಸ್‌ವರ್ಡ್ ಕೂಡ ಕೇಳುತ್ತಿರಲಿಲ್ಲ. ಅದೇ ರೂಟರ್‌ಗೆ ಫೋನು ಯಾವ ತಕರಾರೂ ಇಲ್ಲದೆ ಸೇರಿಕೊಳ್ಳುತ್ತಿತ್ತು. ಒಂದು ಕ್ಲಿಕ್ಕಿನ ಕೆಲಸ ಅಂತ ಬಿಟ್ಟುಬಿಡಬಹುದಿತ್ತು. ಆದರೆ ದಿನಾ ಕೆಲಸ ಮಾಡುವ ಯಂತ್ರ ಹೀಗೆ ಮಾಡಿದರೆ ಅದರ ಮೇಲಿನ ನಂಬಿಕೆಯೇ ಹೋಗುತ್ತದೆ, ಅಲ್ವಾ?

ಮೊದಲು ಎಲ್ಲರೂ ನೋಡುವುದನ್ನೇ ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ಆ ನೆಟ್‌ವರ್ಕ್ ತೆರೆದರೆ ‘ಕನೆಕ್ಟ್ ಆಟೊಮ್ಯಾಟಿಕಲಿ’ ಎದುರಿಗೆ ಟಿಕ್ ಇತ್ತು. ಸರ್ವಿಸಸ್ ಪಟ್ಟಿಯಲ್ಲಿ ‘ವ್ಲಾನ್ ಆಟೊಕಾನ್ಫಿಗ್’ ಅನ್ನುವುದು ಓಡುತ್ತಿತ್ತು, ಆಟೊಮ್ಯಾಟಿಕ್ ಅಂತಲೇ ಇತ್ತು. ವಿಂಡೋಸ್‌ನಲ್ಲಿ ವೈ-ಫೈ ಹುಡುಕಿ ಜೋಡಿಸುವ ಕೆಲಸ ಇದರದ್ದೇ. ಆಮೇಲೆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಪಾಸ್‌ವರ್ಡ್ ಹಾಕಿದೆ. ಮಾರನೇ ದಿನ ಮತ್ತದೇ ಗ್ಲೋಬ್. ಈಗ ಯೋಚಿಸಿದರೆ ಆ ಹೆಜ್ಜೆ ಬೇಕಿರಲಿಲ್ಲ. ಪಾಸ್‌ವರ್ಡ್ ಕೇಳದೆ ಕನೆಕ್ಟ್ ಆಗುತ್ತಿದೆ ಎಂದರೆ ಉಳಿಸಿಟ್ಟ ವಿವರ ಸರಿಯಾಗಿಯೇ ಇದೆ ಎಂದರ್ಥ.

ಆಗ ಸೆಟ್ಟಿಂಗ್ ಮುಟ್ಟುವುದನ್ನು ನಿಲ್ಲಿಸಿ, ತೊಂದರೆ ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಎಂದು ಗಮನಿಸಲು ಶುರು ಮಾಡಿದೆ. ಒಂದು ದಿನ ಅಪ್‌ಡೇಟ್ ಆಗಿ ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಯಿತು. ಮೇಲೆದ್ದಾಗ ವೈ-ಫೈ ಕನೆಕ್ಟ್ ಆಗಿಯೇ ಇತ್ತು. ಇದೇ ನನಗೆ ಸಿಕ್ಕ ಮೊದಲ ಎಳೆ. ಅವತ್ತು ಸಂಜೆ ಒಂದು ಹಾಳೆ ತೆಗೆದುಕೊಂಡು ಕೂತೆ. ಮೂರು ಸಲ ರೀಸ್ಟಾರ್ಟ್ ಮಾಡಿದೆ, ಮೂರೂ ಸಲ ಕನೆಕ್ಟ್ ಆಯಿತು. ಮೂರು ಸಲ ಶಟ್‌ಡೌನ್ ಮಾಡಿ ಆನ್ ಮಾಡಿದೆ, ಒಂದು ಸಲವೂ ಆಗಲಿಲ್ಲ. ನೋಡಲು ಎರಡೂ ಒಂದೇ ಕೆಲಸದ ಹಾಗೆ ಕಾಣುತ್ತವೆ. ಆದರೆ ಒಳಗೆ ಒಂದೇ ಅಲ್ಲ.

2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ. ಇದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ನಾವು ತೆರೆದ ಪ್ರೋಗ್ರಾಂಗಳು ಮುಚ್ಚುತ್ತವೆ, ನಿಜ. ಆದರೆ ವಿಂಡೋಸ್‌ನ ತಿರುಳು, ಅಂದರೆ ಕರ್ನಲ್ಲು, ಡ್ರೈವರ್‌ಗಳ (ವೈ-ಫೈ ಕಾರ್ಡಿನಂಥ ಭಾಗಗಳನ್ನು ನಡೆಸುವ ಪುಟ್ಟ ಪ್ರೋಗ್ರಾಂಗಳ) ಸ್ಥಿತಿಯ ಸಮೇತ ಡಿಸ್ಕ್‌ಗೆ ಬರೆದು ಇಡಲ್ಪಡುತ್ತದೆ. ಮಾರನೇ ದಿನ ಆನ್ ಮಾಡಿದಾಗ ಎಲ್ಲವನ್ನೂ ಮೊದಲಿನಿಂದ ಎಬ್ಬಿಸುವ ಬದಲು ಆ ಉಳಿಸಿದ ಸ್ಥಿತಿಯನ್ನೇ ಓದಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು ಮೇಲೆ ಒತ್ತಿ. ಅಲ್ಲಿ ‘ಅಪ್ ಟೈಮ್’ ಎಂದು ಬರುತ್ತದೆ. ಹಾಳೆಯ ಪ್ರಯೋಗ ಮಾಡಿ ಹನ್ನೊಂದು ದಿನ ಆದ ಮೇಲೆ ನಾನು ಅದನ್ನು ನೋಡಿದೆ. ಹನ್ನೊಂದು ದಿನ ಅಂತಲೇ ತೋರಿಸುತ್ತಿತ್ತು. ಅಷ್ಟೂ ದಿನ ರಾತ್ರಿ ನಾನು ತಪ್ಪದೆ ಶಟ್‌ಡೌನ್ ಮಾಡಿದ್ದೆ! ಆ ಒಂದು ಸಂಖ್ಯೆ ನೋಡಿದ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ವೈ-ಫೈ ಕಾರ್ಡಿನ ಡ್ರೈವರ್ ಹಳೆಯ ಸ್ಥಿತಿಯಿಂದ ಏಳುವಾಗ ಸರಿಯಾಗಿ ಏಳುತ್ತಿಲ್ಲ.

ಆದರೂ ಖಾತ್ರಿ ಮಾಡಿಕೊಳ್ಳಲು ಒಂದು ಸುಲಭದ ದಾರಿ ಇದೆ. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಿದರೆ ಆ ಒಂದು ಸಲಕ್ಕೆ ವಿಂಡೋಸ್ ಪೂರ್ತಿ ಮುಚ್ಚುತ್ತದೆ. ಹಾಗೆ ಮುಚ್ಚಿ ಆನ್ ಮಾಡಿದೆ. ವೈ-ಫೈ ತಾನಾಗಿ ಬಂತು. ಯಾವ ಸೆಟ್ಟಿಂಗೂ ಬದಲಿಸದೆ ಕಾರಣ ಗೊತ್ತಾಯಿತು.

ತಾತ್ಕಾಲಿಕವಾಗಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟದಲ್ಲಿ ಅದರ ಟಿಕ್ ಇರುತ್ತದೆ. ಮೊದಲು ಅದು ಮಂಕಾಗಿರುತ್ತದೆ, ಒತ್ತಿದರೂ ಬದಲಾಗುವುದಿಲ್ಲ. ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್ಅವೈಲಬಲ್’ ಒತ್ತಿದ ಮೇಲೆ ಟಿಕ್ ತೆಗೆಯಲು ಬಿಡುತ್ತದೆ. ತೆಗೆದು ಸೇವ್ ಮಾಡಿದೆ. ಮಾರನೇ ಬೆಳಿಗ್ಗೆ ಲ್ಯಾಪ್‌ಟಾಪ್ ಏಳಲು ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡಿತು, ಆದರೆ ಗ್ಲೋಬ್ ಕಾಣಿಸಲಿಲ್ಲ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಿದರೂ ತಪ್ಪೇನಿಲ್ಲ. ನನಗೆ ಮಾತ್ರ ಸಮಾಧಾನ ಆಗಲಿಲ್ಲ, ಏಕೆಂದರೆ ತಪ್ಪು ಡ್ರೈವರ್‌ದು. ಡಿವೈಸ್ ಮ್ಯಾನೇಜರ್‌ನಲ್ಲಿ ವೈ-ಫೈ ಕಾರ್ಡಿನ ಡ್ರೈವರ್ ತಾರೀಖು ನೋಡಿದೆ. ಲ್ಯಾಪ್‌ಟಾಪ್ ತಯಾರಿಸಿದವರ ಸೈಟಿನಲ್ಲಿ ನನ್ನ ಮಾಡೆಲ್‌ಗೆ ಅದಕ್ಕಿಂತ ಹೊಸದು ಸಿಕ್ಕಿತು. ಇನ್‌ಸ್ಟಾಲ್ ಮಾಡಿ, ಫಾಸ್ಟ್ ಸ್ಟಾರ್ಟಪ್ ಮತ್ತೆ ಆನ್ ಮಾಡಿ, ಅದೇ ಹಾಳೆಯಲ್ಲಿ ಮತ್ತೆ ಮೂರು ಶಟ್‌ಡೌನ್ ಬರೆದೆ. ಮೂರಕ್ಕೆ ಮೂರೂ ಸರಿ. ಡ್ರೈವರ್ ಬದಲಿಸುವ ಮುಂಚೆ ಹೊಸ ಫೈಲನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಡುವೆ ಇಂಟರ್‌ನೆಟ್ ಹೋದರೆ ಅದನ್ನು ತರುವುದು ಕಷ್ಟ.

ಲ್ಯಾಪ್‌ಟಾಪ್ ಸ್ಲೀಪ್‌ನಿಂದ ಎದ್ದಾಗ ಮಾತ್ರ ಹೀಗಾಗುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲೇ ಆ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಭಾಗ ನೋಡಿ. ಕರೆಂಟ್ ಉಳಿಸಲು ಕಾರ್ಡನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆದು ನೋಡಬಹುದು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಭಾಗವೇ ಇರುವುದಿಲ್ಲ.

ಇದಾದ ಕೆಲವು ವಾರಕ್ಕೆ ಗೆಳೆಯನೊಬ್ಬ ಫೋನ್ ಮಾಡಿದ. ಅವನಿಗೂ ಇದೇ ತೊಂದರೆ. ಫಾಸ್ಟ್ ಸ್ಟಾರ್ಟಪ್ ತೆಗಿ ಅನ್ನುವುದು ಬಾಯಿಗೆ ಬಂದಿತ್ತು. ತಡೆದುಕೊಂಡು, “ರೀಸ್ಟಾರ್ಟ್ ಮಾಡಿದ್ರೆ ಏನಾಗುತ್ತೆ?” ಎಂದು ಕೇಳಿದೆ.

“ಆಗಲೂ ಬರಲ್ಲ.”

“ಬೇರೆ ಜಾಗಕ್ಕೆ ತಗೊಂಡು ಹೋದ್ರೆ?”

“ಅಲ್ಲಿ ಬರುತ್ತೆ. ನನ್ನ ಮೇಜಿನ ಹತ್ರ ಮಾತ್ರ ಬರಲ್ಲ.”

ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಏನೇನು ಚುಚ್ಚಿದ್ದೀಯ ಎಂದು ಕೇಳಿದೆ. ಚಾರ್ಜರು, ಮೌಸು, ಮತ್ತೆ ಒಂದು ಲ್ಯಾನ್ ಕೇಬಲ್ಲು ಅಂದ. ಕೇಬಲ್‌ನಿಂದ ಇಂಟರ್‌ನೆಟ್ ಸಿಗುತ್ತಿದ್ದರೆ ವಿಂಡೋಸ್ ಸುಮ್ನೆ ಇನ್ನೊಂದು ದಾರಿ ಬೇಡ ಎಂದು ವೈ-ಫೈಗೆ ತಾನಾಗಿ ಹೋಗುವುದಿಲ್ಲ. ಅದರ ಲೆಕ್ಕದಲ್ಲಿ ಅದು ದೋಷವೇ ಅಲ್ಲ. ಕೇಬಲ್ ತೆಗೆದು ನೋಡು ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಬಂತು ಕಣೋ” ಅಂದ.